ಹಿಮವನ್ನು ಓದುವವರು

ಮುಗಿಲನ್ನು ನೋಡಿ ಮಳೆಯ ಗುಣವನ್ನು ಹೇಳಬಲ್ಲ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು ಎಂದು ಮಳೆಗೆ ನಕ್ಷತ್ರಗಳ ಹೆಸರಿಟ್ಟು ಕರೆಯುವ ರೈತನಿಗೆ ಎಲ್ಲ ಮಳೆಯೂ ಒಂದೇ ಅಲ್ಲ. ಬಿತ್ತುವ ಮಳೆ ಬೇರೆ, ಕೊಚ್ಚಿಕೊಂಡು ಹೋಗುವ ಮಳೆ ಬೇರೆ ಎಂಬುದನ್ನು ಅವನು ಯಾವ ಗ್ರಂಥವನ್ನೂ ಓದದೆ ಬಲ್ಲನು. ಇದೇ ರೀತಿಯಲ್ಲಿ, ವರ್ಷದ ಆರು ತಿಂಗಳು ಹಿಮದಲ್ಲಿ ಮುಳುಗಿರುವ ನಾಡುಗಳ ಜನರಿಗೆ ಎಲ್ಲ ಹಿಮವೂ ಒಂದೇ ಅಲ್ಲ. ನಮಗೆ ಕೇವಲ ಬಿಳುಪಾಗಿ ಕಾಣುವ ಆ ಹಾಸಿನಲ್ಲಿ ಅವರು ನಿನ್ನೆಯ ಗಾಳಿಯನ್ನು, ಕಳೆದ ವಾರದ ಬಿಸಿಲನ್ನು, ನಾಳೆಯ ಅಪಾಯವನ್ನು ಓದಬಲ್ಲರು. ಹೀಗೆ ಹಿಮವನ್ನು ಓದುವುದನ್ನೇ ಜೀವನವೃತ್ತಿಯನ್ನಾಗಿ ಮಾಡಿಕೊಂಡ ಮಾರ್ಗದರ್ಶಿಗಳ ಬಗೆಗೂ, ಅವರ ಹಿಂದೆ ನಡೆಯುವ ಒಂದು ಸಾಹಸಕ್ರೀಡೆಯ ಬಗೆಗೂ ಈ ಪಾಠದಲ್ಲಿ ತಿಳಿಯೋಣ.

ಕೆನಡಾ ದೇಶದ ಪಶ್ಚಿಮದ ಅಂಚಿನಲ್ಲಿ ಬ್ರಿಟಿಷ್ ಕೊಲಂಬಿಯ ಎಂಬ ಪ್ರಾಂತವಿದೆ. ಅದರ ಪಶ್ಚಿಮಕ್ಕೆ ಪೆಸಿಫಿಕ್ ಮಹಾಸಾಗರ. ಪೂರ್ವಕ್ಕೆ ರಾಕಿ ಪರ್ವತಗಳು. ಇವೆರಡರ ನಡುವೆ ಸೆಲ್ಕರ್ಕ್, ಪರ್ಸೆಲ್, ಮೊನಾಶೀ ಮೊದಲಾದ ಪರ್ವತಪಂಕ್ತಿಗಳು ಉತ್ತರ ದಕ್ಷಿಣವಾಗಿ ಹಬ್ಬಿವೆ. ಚಳಿಗಾಲದಲ್ಲಿ ಸಾಗರದಿಂದ ತೇವವನ್ನು ಹೊತ್ತುತರುವ ಗಾಳಿ ಮೊದಲು ಕರಾವಳಿಯ ಬೆಟ್ಟಗಳಿಗೆ ತಾಗಿ, ಭಾರವಾದ ಒದ್ದೆ ಹಿಮವನ್ನು ಅಲ್ಲಿ ಸುರಿಸುತ್ತದೆ. ಅಲ್ಲಿಂದ ಒಳನಾಡಿಗೆ ಸಾಗಿ, ಶೀತ ಹೆಚ್ಚಿದ ಸೆಲ್ಕರ್ಕ್ ಬೆಟ್ಟಗಳನ್ನು ಏರುವಾಗ ಉಳಿದ ತೇವ ಹಗುರವೂ ಒಣಗಿದುದೂ ಆದ ಹಿಮವಾಗಿ ಬೀಳುತ್ತದೆ. ಆ ಪರ್ವತಗಳ ಎತ್ತರದ ಎಡೆಗಳಲ್ಲಿ ಒಂದು ಚಳಿಗಾಲದಲ್ಲಿ ಬೀಳುವ ಹಿಮವನ್ನು ಒಟ್ಟುಗೂಡಿಸಿ ಅಳೆದರೆ ಅದು 10 ಮೀಟರನ್ನೂ ಮೀರುವುದುಂಟು. ಹೊಸದಾಗಿ ಬಿದ್ದ ಈ ಹಿಮವು ಹಿಟ್ಟಿನಂತೆ ನುಣುಪು, ಹತ್ತಿಯಂತೆ ಹಗುರ. ಅಂಗೈಯಲ್ಲಿ ಹಿಡಿದು ಊದಿದರೆ ಹಾರಿಹೋಗುತ್ತದೆ. ಈ ಪುಡಿಹಿಮದ ಮೇಲೆ ಜಾರಿಕೊಂಡು ಇಳಿಯುವುದೇ ನಾವು ಹೇಳಹೊರಟಿರುವ ಕ್ರೀಡೆಯ ಮುಖ್ಯ ಆಕರ್ಷಣೆ.

ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಹಲಗೆಗೆ ಸ್ಕೀ ಎಂದು ಹೆಸರು. ಅದು ಆಟಕ್ಕಾಗಿ ಹುಟ್ಟಿದ ವಸ್ತುವಲ್ಲ. ಬದುಕಿಗಾಗಿ ಹುಟ್ಟಿದ ಸಾಧನ. ಉತ್ತರ ಯುರೋಪಿನ ಜನರು ಸಾವಿರಾರು ವರ್ಷಗಳಿಂದ ಬೇಟೆಗೂ ಪ್ರಯಾಣಕ್ಕೂ ಅದನ್ನು ಬಳಸುತ್ತ ಬಂದಿದ್ದಾರೆ. ನಾರ್ವೆ ದೇಶದ ಫ್ರಿಡ್‌ಟ್ಯೋಫ್ ನಾನ್ಸೆನ್ 1888ರಲ್ಲಿ ತನ್ನ ಸಂಗಡಿಗರೊಡನೆ ಸ್ಕೀಗಳ ಮೇಲೆಯೇ ಗ್ರೀನ್‌ಲೆಂಡಿನ ಹಿಮಪ್ರಸ್ಥಭೂಮಿಯನ್ನು ದಾಟಿದಾಗ ಈ ಸಾಧನದ ಕೀರ್ತಿ ಎಲ್ಲೆಡೆ ಹರಡಿತು. ಮುಂದೆ ಅದು ಕ್ರೀಡೆಯಾಗಿ ಬೆಳೆಯಿತು. ಇಳಿಯುವುದು ಸುಲಭ, ಹತ್ತುವುದೇ ಕಷ್ಟ. 1936ರಲ್ಲಿ ಅಮೆರಿಕದ ಸನ್ ವ್ಯಾಲಿ ಎಂಬಲ್ಲಿ ಉಕ್ಕಿನ ಹಗ್ಗಕ್ಕೆ ಕುರ್ಚಿಗಳನ್ನು ತೂಗುಹಾಕಿ ಜನರನ್ನು ಮೇಲಕ್ಕೆ ಒಯ್ಯುವ ಏರ್ಪಾಡು ಬಂದಿತು. ಆದರೆ ಅಂಥ ಕಡೆಗಳಲ್ಲಿ ಜನಸಂದಣಿ ಹೆಚ್ಚಿತು. ಹಿಮವು ಸಾವಿರಾರು ಕಾಲುಗಳಡಿ ಸಿಕ್ಕಿ ಗಟ್ಟಿಯಾಯಿತು. ಯಾರೂ ತುಳಿಯದ ಹಿಮವನ್ನು, ಮನುಷ್ಯನ ಸದ್ದಿಲ್ಲದ ಬೆಟ್ಟವನ್ನು ಹುಡುಕಿ ಹೋಗುವ ಆಸೆ ಕೆಲವರಲ್ಲಿ ಮೂಡಿತು. ಆಸ್ಟ್ರಿಯದಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಪರ್ವತ ಮಾರ್ಗದರ್ಶಿ ಹಾನ್ಸ್ ಗ್ಮೋಸರ್ 1965ರಲ್ಲಿ ಪರ್ಸೆಲ್ ಪಂಕ್ತಿಯ ಬುಗಬೂ ಶಿಖರಗಳ ಬಳಿ ಹೆಲಿಕಾಪ್ಟರಿನಲ್ಲಿ ಜನರನ್ನು ಬೆಟ್ಟದ ನೆತ್ತಿಗೆ ಕೊಂಡೊಯ್ಯತೊಡಗಿದನು. ಆದರೆ ಹೆಲಿಕಾಪ್ಟರಿನ ವೆಚ್ಚ ಬಹಳ. ಮೇಲಾಗಿ ಮಂಜು ಕವಿದಾಗ, ಹಿಮ ಸುರಿಯುವಾಗ ಅದು ಹಾರಲಾರದು. ಒಳ್ಳೆಯ ಹಿಮ ಬೀಳುವುದಾದರೋ ಅಂಥ ದಿನಗಳಲ್ಲಿಯೇ!

ಈ ತೊಡಕಿಗೆ ಪರಿಹಾರವಾಗಿ ಬಂದುದು ಸ್ನೋಕ್ಯಾಟ್ ಎಂಬ ವಾಹನ. 'ಹಿಮದ ಬೆಕ್ಕು' ಎಂದು ಈ ಹೆಸರಿನ ಅಕ್ಷರಶಃ ಅರ್ಥ. ಅಮೆರಿಕದ ಎಮಿಟ್ ಟಕ್ಕರ್ ಎಂಬುವನು ಹಿಮದ ಮೇಲೆ ಓಡುವ ಇಂಥ ಬಂಡಿಗಳನ್ನು ತಯಾರಿಸಿ ಪ್ರಸಿದ್ಧನಾದನು. ವಿವಿಯನ್ ಫುಕ್ಸ್ ಎಂಬ ಬ್ರಿಟಿಷ್ ಭೂವಿಜ್ಞಾನಿಯ ತಂಡವು 1957ರ ನವೆಂಬರಿನಲ್ಲಿ ಹೊರಟು, 1958ರ ಮಾರ್ಚಿ 2ರಂದು ಅಂಟಾರ್ಕ್ಟಿಕ ಖಂಡವನ್ನು ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ ದಾಟಿದುದು ಟಕ್ಕರನ ಸ್ನೋಕ್ಯಾಟ್‌ಗಳ ನೆರವಿನಿಂದ. ಸುಮಾರು 3,470 ಕಿಲೋಮೀಟರುಗಳ ಆ ಪಯಣಕ್ಕೆ 99 ದಿನಗಳು ಹಿಡಿದವು. ಧ್ರುವಪ್ರದೇಶದಲ್ಲಿ ಹೀಗೆ ಪರೀಕ್ಷೆಗೆ ಒಳಗಾದ ವಾಹನವೇ ಮುಂದೆ ಕ್ರೀಡೆಗೂ ಒದಗಿತು. ಬ್ರಿಟಿಷ್ ಕೊಲಂಬಿಯದ ಕೂಟ್ನಿ ಸರೋವರದ ಉತ್ತರಕ್ಕಿರುವ ಮೆಡೋ ಕ್ರೀಕ್ ಎಂಬ ಸಣ್ಣ ಊರಿನಲ್ಲಿ 1975ರಲ್ಲಿ ಸೆಲ್ಕರ್ಕ್ ವೈಲ್ಡರ್‌ನೆಸ್ ಸ್ಕೀಯಿಂಗ್ ಎಂಬ ಸಂಸ್ಥೆ ಹುಟ್ಟಿತು. ಮಾರ್ಗದರ್ಶಿಗಳೊಡನೆ ಸ್ನೋಕ್ಯಾಟಿನಲ್ಲಿ ಕಾಡುಬೆಟ್ಟಗಳನ್ನೇರಿ ಸ್ಕೀಗಳ ಮೇಲೆ ಇಳಿಯುವ ಕ್ರೀಡೆಗೆ ಆದಿಯೆಂದು ಈ ಸಂಸ್ಥೆಯನ್ನೇ ಹೇಳುತ್ತಾರೆ.

ಟನ್ನುಗಟ್ಟಲೆ ತೂಕದ ಈ ಯಂತ್ರವು ಸೊಂಟದ ಮಟ್ಟ ಹಿಮವಿರುವ ಎಡೆಯಲ್ಲಿ ಹೂತುಹೋಗದೆ ಹೇಗೆ ನಡೆಯುತ್ತದೆ? ವಿಜ್ಞಾನದ ತರಗತಿಯಲ್ಲಿ ನೀವು ಓದಿರುವ ಒಂದು ಸಣ್ಣ ಸೂತ್ರದಲ್ಲಿಯೇ ಇದಕ್ಕೆ ಉತ್ತರವಿದೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಬೆಲೆಯಷ್ಟೆ? ತೂಕ ಅಷ್ಟೇ ಇದ್ದು ಅದು ಹರಡುವ ಜಾಗ ಹೆಚ್ಚಿದರೆ ಒತ್ತಡ ಕಡಿಮೆಯಾಗುತ್ತದೆ. ಸ್ನೋಕ್ಯಾಟಿಗೆ ನಾವು ಕಾಣುವ ಚಕ್ರಗಳ ಬದಲು, ಎರಡು ಪಕ್ಕಗಳಲ್ಲಿಯೂ ಮೀಟರಿಗೂ ಮಿಗಿಲಾದ ಅಗಲದ ಪಟ್ಟಿಗಳು ಸುತ್ತುತ್ತಿರುತ್ತವೆ. ಅದರ ಭಾರವೆಲ್ಲ ಆ ವಿಶಾಲವಾದ ಪಟ್ಟಿಗಳ ಮೇಲೆ ಹಂಚಿಹೋಗುವುದರಿಂದ, ಮನುಷ್ಯನ ಬೂಟುಗಾಲು ಮೊಳಕಾಲುಮಟ್ಟ ಇಳಿಯುವ ಕಡೆಯಲ್ಲಿಯೂ ಯಂತ್ರವು ಮೇಲೆಯೇ ತೇಲಿದಂತೆ ಸಾಗುತ್ತದೆ. ಪಟ್ಟಿಗಳ ಮೇಲಿನ ಅಡ್ಡಕಂಬಿಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಮುಂದುಗಡೆಯ ದೊಡ್ಡ ಹಲಗೆ ಹಿಮವನ್ನು ಪಕ್ಕಕ್ಕೆ ತಳ್ಳಿ ದಾರಿ ಮಾಡುತ್ತದೆ. ಹಿಂದುಗಡೆ ಬೆಚ್ಚನೆಯ ಕೋಣೆಯಲ್ಲಿ ಸುಮಾರು ಹನ್ನೆರಡು ಮಂದಿ ಅತಿಥಿಗಳು ಕುಳಿತುಕೊಳ್ಳಬಹುದು. ಅವರೊಡನೆ ಚಾಲಕನಲ್ಲದೆ ಇಬ್ಬರು ಮಾರ್ಗದರ್ಶಿಗಳು ಇರುತ್ತಾರೆ. ಇಳಿಯುವಾಗ ಒಬ್ಬನು ಎಲ್ಲರಿಗಿಂತ ಮುಂದೆ, ಇನ್ನೊಬ್ಬನು ಎಲ್ಲರಿಗಿಂತ ಹಿಂದೆ.

ಅತಿಥಿಗಳು ಇನ್ನೂ ನಿದ್ರೆಯಲ್ಲಿರುವಾಗಲೇ, ನಸುಕಿನ ಕತ್ತಲೆಯಲ್ಲಿ ಮಾರ್ಗದರ್ಶಿಗಳ ದಿನ ಆರಂಭವಾಗುತ್ತದೆ. ರಾತ್ರಿ ಎಷ್ಟು ಹಿಮ ಬಿದ್ದಿತು? ಗಾಳಿ ಯಾವ ದಿಕ್ಕಿನಿಂದ ಬೀಸಿತು? ಉಷ್ಣತೆ ಏರಿತೋ ಇಳಿಯಿತೋ? ನಿನ್ನೆ ಎಲ್ಲಿಯಾದರೂ ಹಿಮ ಕುಸಿದುದು ಕಂಡಿತೋ? ಹೀಗೆ ಒಂದೊಂದನ್ನೂ ಚರ್ಚಿಸಿ ಬರೆದಿಡುತ್ತಾರೆ. ಬಳಿಕ ತಮ್ಮ ಪ್ರದೇಶದ ಇಳಿಜಾರುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಯಾವುದು ಇಂದು ತೆರೆದಿದೆ, ಯಾವುದು ಮುಚ್ಚಿದೆ ಎಂದು ತೀರ್ಮಾನಿಸುತ್ತಾರೆ. ಇಲ್ಲಿ ಬಹುಮತದ ಲೆಕ್ಕವಿಲ್ಲ. ಐವರಲ್ಲಿ ನಾಲ್ವರು ಸರಿಯೆಂದರೂ, ಒಬ್ಬನಿಗೆ ಸಂದೇಹವಿದ್ದರೆ ಆ ಇಳಿಜಾರು ಅಂದಿಗೆ ಮುಚ್ಚಿದಂತೆಯೇ. ಆ ಒಬ್ಬನು ವಯಸ್ಸಿನಲ್ಲಿ ಎಲ್ಲರಿಗಿಂತ ಕಿರಿಯನಾಗಿರಬಹುದು. ಮುಂಜಾನೆ ಮುಚ್ಚಿದ ಇಳಿಜಾರನ್ನು ಹಗಲು ಹೊತ್ತಿನಲ್ಲಿ, ಬೆಟ್ಟದ ಮೇಲಿನ ಉತ್ಸಾಹದಲ್ಲಿ ತೆರೆಯುವುದಿಲ್ಲ. ತಣ್ಣಗಿನ ಬುದ್ಧಿಯಿಂದ ಮಾಡಿದ ನಿರ್ಧಾರವನ್ನು ಬಿಸಿಯಾದ ಮನಸ್ಸು ಕೆಡಿಸಬಾರದೆಂಬುದೇ ಇದರ ತತ್ತ್ವ.

ಇನ್ನೊಂದು ಸಂಗತಿ ನಮ್ಮ ಗಮನಕ್ಕೆ ಅರ್ಹವಾಗಿದೆ. ಈ ಬೆಟ್ಟಗಳಲ್ಲಿ ವ್ಯಾಪಾರ ನಡೆಸುವ ಹಲವಾರು ಸಂಸ್ಥೆಗಳಿವೆ. ಅತಿಥಿಗಳನ್ನು ಸೆಳೆಯುವುದರಲ್ಲಿ ಅವು ಪರಸ್ಪರ ಸ್ಪರ್ಧಿಗಳು. ಆದರೂ ಕೆನಡಾದ ಹಿಮಕುಸಿತ ತಜ್ಞರ ಸಂಘವು 1991ರಲ್ಲಿ ಆರಂಭಿಸಿದ ವ್ಯವಸ್ಥೆಯ ಮೂಲಕ, ಅವು ದಿನದಿನದ ಹಿಮದ ವಿವರಗಳನ್ನು ಒಂದಕ್ಕೊಂದು ತಿಳಿಸುತ್ತವೆ. ನೆರೆಯ ಕಣಿವೆಯಲ್ಲಿ ಸಂಜೆ ಒಬ್ಬನು ಕಂಡ ಅಪಾಯದ ಕುರುಹು ಮರುದಿನ ಬೆಳಗಾಗುವುದರೊಳಗೆ ಎಲ್ಲರಿಗೂ ತಿಳಿದಿರುತ್ತದೆ. ಲಾಭದಲ್ಲಿ ಪೈಪೋಟಿ ಇದ್ದರೂ ಪ್ರಾಣದ ವಿಷಯದಲ್ಲಿ ಮುಚ್ಚುಮರೆ ಕೂಡದೆಂಬ ಈ ವಿವೇಕ ಪ್ರಶಂಸನೀಯವಾದುದು.

ಹಿಮವನ್ನು ಓದುವುದೆಂದರೇನು? ಮಾರ್ಗದರ್ಶಿಯು ಸಲಿಕೆಯಿಂದ ಹಿಮದಲ್ಲಿ ಒಂದು ಗುಂಡಿ ತೋಡುತ್ತಾನೆ. ಅದರ ನೆಟ್ಟನೆಯ ಗೋಡೆಯಲ್ಲಿ ಆ ಚಳಿಗಾಲದ ಇತಿಹಾಸವೆಲ್ಲ ಪದರಪದರವಾಗಿ ಕಾಣಿಸುತ್ತದೆ. ಒಂದೊಂದು ಹಿಮಪಾತವೂ ಒಂದೊಂದು ಪದರ. ಮೋಡವಿಲ್ಲದ ಶೀತಲ ರಾತ್ರಿಗಳಲ್ಲಿ ಗಾಳಿಯ ತೇವವು ಹಿಮದ ಮೇಲ್ಮೈಯಲ್ಲಿ ಗರಿಗಳಂಥ ಹರಳುಗಳಾಗಿ ಹೆಪ್ಪುಗಟ್ಟುತ್ತದೆ. ನಮ್ಮ ಹುಲ್ಲಿನ ಮೇಲೆ ಇಬ್ಬನಿ ಕೂರುವಂತೆಯೇ ಇದೂ ಸಹ. ಸೂರ್ಯನ ಬೆಳಕಿನಲ್ಲಿ ಅದು ವಜ್ರದ ಹಾಸಿನಂತೆ ಹೊಳೆಯುತ್ತದೆ. ಆದರೆ ಅದರ ಮೇಲೆ ಮತ್ತೆ ಹಿಮ ಬಿದ್ದಾಗ, ಈ ಚೆಲುವಾದ ಹರಳುಗಳೇ ವಂಚಕ ಪದರವಾಗಿ ಒಳಗೆ ಅಡಗಿಕೊಳ್ಳುತ್ತವೆ. ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಬಲವಾದ ಬೆಸುಗೆ ಇರುವುದಿಲ್ಲ. ಇದನ್ನು ಪತ್ತೆಹಚ್ಚಲು ಮಾರ್ಗದರ್ಶಿಯು ಒಂದು ಸರಳವಾದ ಪರೀಕ್ಷೆ ಮಾಡುತ್ತಾನೆ. 30 ಸೆಂಟಿಮೀಟರು ಚೌಕದ ಒಂದು ಹಿಮಸ್ತಂಭವನ್ನು ಸುತ್ತಲಿನ ಹಿಮದಿಂದ ಬಿಡಿಸಿ, ಅದರ ಮೇಲೆ ಸಲಿಕೆಯ ಅಲಗನ್ನಿಟ್ಟು ಬಡಿಯುತ್ತಾನೆ. ಮೊದಲು ಮಣಿಕಟ್ಟಿನಿಂದ ಹತ್ತು ಪೆಟ್ಟು, ಬಳಿಕ ಮೊಣಕೈಯಿಂದ ಹತ್ತು, ಕೊನೆಗೆ ತೋಳಿನಿಂದ ಹತ್ತು. ಎಷ್ಟನೆಯ ಪೆಟ್ಟಿಗೆ, ಯಾವ ಆಳದಲ್ಲಿ, ಯಾವ ರೀತಿ ಪದರವು ಸೀಳಿತು ಎಂಬುದನ್ನು ನೋಡಿ ಇಳಿಜಾರಿನ ಗುಣವನ್ನು ಊಹಿಸುತ್ತಾನೆ. ಮೂರನೆಯ ಪೆಟ್ಟಿಗೇ ಸ್ತಂಭವು ಜಾರಿತೆಂದರೆ ಅದು ಬೆಟ್ಟವು ಕೊಟ್ಟ ಎಚ್ಚರಿಕೆಯೇ ಸರಿ.

ಈ ಎಚ್ಚರಿಕೆ ಹಿಮಕುಸಿತವನ್ನು ಕುರಿತದ್ದು. ಹಿಮಕುಸಿತಗಳು ಸಾಮಾನ್ಯವಾಗಿ 30ರಿಂದ 45 ಡಿಗ್ರಿಗಳ ಇಳಿಜಾರಿನಲ್ಲಿ ಉಂಟಾಗುತ್ತವೆ. ಅದಕ್ಕಿಂತ ಮಂದವಾದ ಇಳಿಜಾರಿನಲ್ಲಿ ಹಿಮವು ಅಷ್ಟು ಸುಲಭವಾಗಿ ಜಾರದು. ಅದಕ್ಕಿಂತ ಕಡಿದಾದಲ್ಲಿ ಬಹಳವಾಗಿ ನಿಲ್ಲದು. ದುರ್ದೈವದ ಸಂಗತಿಯೆಂದರೆ ಸ್ಕೀ ಆಟಗಾರನಿಗೆ ಹೆಚ್ಚು ಆನಂದ ಕೊಡುವ ಇಳಿಜಾರುಗಳೂ ಬಹುಮಟ್ಟಿಗೆ ಇವೇ. ಒಬ್ಬ ಮನುಷ್ಯನ ಭಾರಕ್ಕೆ ದುರ್ಬಲ ಪದರವು ಒಂದು ಕಡೆ ಮುರಿದರೆ, ಆ ಬಿರುಕು ಕ್ಷಣಮಾತ್ರದಲ್ಲಿ ಬೆಟ್ಟದ ಉದ್ದಕ್ಕೂ ಹರಿದು, ಇಡೀ ಹಾಸೇ ಚಪ್ಪಡಿಯಂತೆ ಕಳಚಿಕೊಳ್ಳುತ್ತದೆ. ಅದು ಕೆಲವೇ ಕ್ಷಣಗಳಲ್ಲಿ ಗಂಟೆಗೆ ನೂರು ಕಿಲೋಮೀಟರಿಗೂ ಮಿಗಿಲಾದ ವೇಗವನ್ನು ಪಡೆಯಬಲ್ಲದು. ಹತ್ತಿಯಂತಿದ್ದ ಹಿಮ ನಿಂತ ಮೇಲೆ ಗಾರೆಯಂತೆ ಗಟ್ಟಿಯಾಗುತ್ತದೆ. ಅದರೊಳಗೆ ಸಿಕ್ಕಿದವನು ಬೆರಳನ್ನು ಸಹ ಅಲುಗಿಸಲಾರ. ಈ ಸೆಲ್ಕರ್ಕ್ ಬೆಟ್ಟಗಳೇ ಅಂಥ ದುರಂತಗಳನ್ನು ಕಂಡಿವೆ. 1910ರ ಮಾರ್ಚಿ 4ರ ರಾತ್ರಿ ರೋಜರ್ಸ್ ಕಣಿವೆದಾರಿಯಲ್ಲಿ, ಮೊದಲೊಂದು ಕುಸಿತದಿಂದ ಮುಚ್ಚಿದ್ದ ರೈಲುಹಳಿಯನ್ನು ಕೂಲಿಗಾರರು ಬಿಡಿಸುತ್ತಿದ್ದಾಗ, ಎದುರು ಬೆಟ್ಟದಿಂದ ಇನ್ನೊಂದು ಕುಸಿತವು ಎರಗಿ 58 ಮಂದಿಯನ್ನು ಬಲಿತೆಗೆದುಕೊಂಡಿತು. ಅವರಲ್ಲಿ 32 ಮಂದಿ ಹೊಟ್ಟೆಪಾಡಿಗಾಗಿ ಕಡಲು ದಾಟಿಬಂದ ಜಪಾನೀಯರು. ಈ ದುರಂತದ ತರುವಾಯ ರೈಲು ಕಂಪನಿಯು ಬೆಟ್ಟದ ಅಡಿಯಲ್ಲಿ ಸುಮಾರು 8 ಕಿಲೋಮೀಟರು ಉದ್ದದ ಸುರಂಗವನ್ನು ಕೊರೆಯಿಸಿ 1916ರಲ್ಲಿ ತೆರೆಯಿತು. 1962ರಲ್ಲಿ ಅದೇ ಕಣಿವೆಯಲ್ಲಿ ಹೆದ್ದಾರಿಯಾದಾಗ, ಸೇನೆಯ ಫಿರಂಗಿಗಳಿಂದ ಗುಂಡು ಹಾರಿಸಿ, ಅಪಾಯಕಾರಿ ಹಿಮವನ್ನು ರಸ್ತೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಬೇಕೆಂದೇ ಕೆಡಹುವ ಪದ್ಧತಿ ಜಾರಿಗೆ ಬಂದಿತು.

ಆದುದರಿಂದ ಸ್ನೋಕ್ಯಾಟಿನಲ್ಲಿ ಹೊರಡುವ ಮೊದಲು ಅತಿಥಿಗಳು, ಅವರು ಎಷ್ಟೇ ಹಣವಂತರಾಗಿರಲಿ, ಎಷ್ಟೇ ನುರಿತವರಾಗಿರಲಿ, ವಿದ್ಯಾರ್ಥಿಗಳಂತೆ ಕುಳಿತು ಪಾಠ ಕಲಿಯಬೇಕು. ಪ್ರತಿಯೊಬ್ಬನೂ ಎದೆಗೆ ಒಂದು ಸಣ್ಣ ರೇಡಿಯೊ ಸಾಧನವನ್ನು ಕಟ್ಟಿಕೊಳ್ಳುತ್ತಾನೆ. ಅಮೆರಿಕದ ಎಂಜಿನಿಯರ್ ಜಾನ್ ಲಾಟನ್ 1968ರಲ್ಲಿ ಈ ಬಗೆಯ ಮೊದಲ ಸಾಧನವನ್ನು ನಿರ್ಮಿಸಿದನು. ಇಂದು ಲೋಕದಲ್ಲೆಲ್ಲ ಇವು 457 ಕಿಲೋಹರ್ಟ್ಸ್ ಎಂಬ ಒಂದೇ ಆವರ್ತಾಂಕದಲ್ಲಿ ಕೆಲಸ ಮಾಡುತ್ತವೆ. ಸದಾ ಸಂಕೇತವನ್ನು ಕಳುಹಿಸುತ್ತಿರುವ ಈ ಸಾಧನವನ್ನು, ಯಾರಾದರೂ ಹೂತುಹೋದಾಗ ಉಳಿದವರು ಸಂಕೇತವನ್ನು ಗ್ರಹಿಸುವಂತೆ ತಿರುಗಿಸಿ ಹುಡುಕುತ್ತಾರೆ. ಬೆನ್ನುಚೀಲದಲ್ಲಿ ಮಡಿಸುವ ಉದ್ದನೆಯ ಶೋಧಕ ಕಡ್ಡಿಯೂ ಒಂದು ಸಲಿಕೆಯೂ ಇರುತ್ತವೆ. ಸಂಕೇತವು ದಾರಿ ತೋರುತ್ತದೆ; ಕಡ್ಡಿಯು ಸ್ಥಳವನ್ನು ಖಚಿತಪಡಿಸುತ್ತದೆ; ಸಲಿಕೆಯು ಪ್ರಾಣ ಉಳಿಸುತ್ತದೆ. ಹಿಮದಲ್ಲಿ ಹೂತವರನ್ನು ಹತ್ತು ಹದಿನೈದು ನಿಮಿಷಗಳೊಳಗೆ ಹೊರತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬದುಕಿಕೊಳ್ಳುತ್ತಾರೆ. ಅರ್ಧ ಗಂಟೆ ಕಳೆದರೆ ಮೂವರೋ ನಾಲ್ವರೋ ಉಳಿದರೆ ಹೆಚ್ಚು. ಹೊರಗಿನ ನೆರವು ಬರುವವರೆಗೆ ಕಾಯಲು ಅಲ್ಲಿ ವೇಳೆಯಿಲ್ಲ. ಪಕ್ಕದಲ್ಲಿರುವ ಸಂಗಡಿಗನೇ ರಕ್ಷಕ. ಆದ್ದರಿಂದಲೇ ಒಂದು ಸಾಧನವನ್ನು ಹಿಮದಲ್ಲಿ ಹೂತು, ಅದನ್ನು ಹುಡುಕಿ ತೆಗೆಯುವ ಅಭ್ಯಾಸವನ್ನು ಎಲ್ಲರಿಂದಲೂ ಮಾಡಿಸುತ್ತಾರೆ. ನಾನು ಕಲಿಯುವುದು ನನ್ನ ನೆರೆಯವನ ಉಳಿವಿಗಾಗಿ, ಅವನು ಕಲಿಯುವುದು ನನ್ನ ಉಳಿವಿಗಾಗಿ ಎಂಬುದೇ ಈ ಪಾಠದ ಸ್ವಾರಸ್ಯ.

ಈಗ ಸ್ನೋಕ್ಯಾಟ್ ಮೆಲ್ಲಮೆಲ್ಲನೆ ಹಿಮ ಹೊತ್ತ ಮರಗಳ ನಡುವೆ ಬೆಟ್ಟವನ್ನೇರುತ್ತದೆ. ನೆತ್ತಿಯಲ್ಲಿ ಎಲ್ಲರೂ ಇಳಿದು ಸ್ಕೀಗಳನ್ನು ಕಟ್ಟಿಕೊಳ್ಳುತ್ತಾರೆ. ಯಂತ್ರದ ಸದ್ದು ದೂರವಾದ ಮೇಲೆ ಉಳಿಯುವ ಮೌನವು ಅಪೂರ್ವವಾದುದು. ಮುಂದಿನ ಮಾರ್ಗದರ್ಶಿ ಮೊದಲು ಇಳಿದು, ಸುರಕ್ಷಿತವಾದ ಎಡೆಯಲ್ಲಿ ನಿಂತು ಕೈಬೀಸುತ್ತಾನೆ. ತೆರೆದ ಇಳಿಜಾರಿನಲ್ಲಿ ಒಬ್ಬೊಬ್ಬರಾಗಿಯೇ ಇಳಿಯಬೇಕು. ಅಪಾಯ ಸಂಭವಿಸಿದರೂ ಅದು ಒಬ್ಬನಿಗೆ ಮಾತ್ರ ತಟ್ಟಲಿ, ಉಳಿದವರು ಅವನನ್ನು ಬದುಕಿಸಲು ಉಳಿದಿರಲಿ ಎಂಬುದು ಇದರ ಉದ್ದೇಶ. ಮರಗಳ ನಡುವೆ ಇಳಿಯುವಾಗಲಾದರೋ ಇಬ್ಬಿಬ್ಬರು ಜೊತೆಯಾಗಿರಬೇಕು. ದೊಡ್ಡ ಮರಗಳ ಕೆಳಗಿನ ಕೊಂಬೆಗಳು ಹಿಮವನ್ನು ತಡೆಯುವುದರಿಂದ, ಕಾಂಡದ ಸುತ್ತ ಸಡಿಲವಾದ ಹಿಮದ ಬಾವಿಯೇ ಏರ್ಪಟ್ಟಿರುತ್ತದೆ. ತಲೆಕೆಳಗಾಗಿ ಅದರೊಳಗೆ ಬಿದ್ದವನು ತಾನಾಗಿ ಏಳುವುದು ದುಸ್ಸಾಧ್ಯ. ಜೊತೆಗಾರನು ಕಣ್ಣಳತೆಯಲ್ಲಿದ್ದರೆ ಮಾತ್ರ ಉಳಿವು. ಹೀಗೆ ಇಳಿದು ಕಣಿವೆ ಸೇರಿದಾಗ ಸ್ನೋಕ್ಯಾಟ್ ಅಲ್ಲಿ ಕಾದು ನಿಂತಿರುತ್ತದೆ. ಮತ್ತೆ ಏರುವುದು, ಮತ್ತೆ ಇಳಿಯುವುದು. ಸಂಜೆಯಾಗುವುದರೊಳಗೆ ಹೀಗೆ ಹಲವು ಬಾರಿ ಆವೃತ್ತಿಯಾಗುತ್ತದೆ.

ಇಂಥ ದಿನದಲ್ಲಿ ಮಾರ್ಗದರ್ಶಿಗೆ ಎದುರಾಗುವ ಕಠಿಣ ಪರೀಕ್ಷೆ ಹಿಮದ್ದಲ್ಲ, ಮನುಷ್ಯರದ್ದು. ಅತಿಥಿಗಳು ದೂರದ ದೇಶಗಳಿಂದ ಬಂದಿದ್ದಾರೆ. ಅಪಾರ ಹಣ ತೆತ್ತಿದ್ದಾರೆ. ಆಕಾಶ ನಿರ್ಮಲವಾಗಿದೆ. ಎದುರಿಗೆ ಒಂದು ಗೆರೆಯೂ ಮೂಡದ ವಿಶಾಲವಾದ ಇಳಿಜಾರು ಕೈಮಾಡಿ ಕರೆಯುತ್ತಿದೆ. 'ನಿನ್ನೆ ಪಕ್ಕದ ಬೆಟ್ಟದಲ್ಲಿ ಇಳಿದೆವಲ್ಲ, ಏನೂ ಆಗಲಿಲ್ಲವಲ್ಲ' ಎಂದು ಒಬ್ಬನು ಹೇಳುತ್ತಾನೆ. ಆಗ ಮಾರ್ಗದರ್ಶಿಯು 'ಇಂದು ಬೇಡ' ಎನ್ನಬೇಕು. ಆ ಮಾತಿಗೆ ಅವನು ಒಡನೆಯೇ ಸಾಕ್ಷಿ ತೋರಿಸಲಾರ. ಹಿಮವು ಕುಸಿಯದೆ ಹೋದರೆ 'ವ್ಯರ್ಥವಾಗಿ ಹೆದರಿದನು' ಎಂಬ ಅಪವಾದ ಅವನಿಗೇ ತಪ್ಪದು. ತಡೆದ ಅಪಘಾತವು ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೆ ಚಪ್ಪಾಳೆಯೂ ಇಲ್ಲ. ಪ್ರಾಣಾಂತಕವಾದ ಹಿಮಕುಸಿತಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟನ್ನು ಅದರಲ್ಲಿ ಸಿಕ್ಕವನೋ ಅವನ ಸಂಗಡಿಗರೋ ತಾವೇ ಕೆದಕಿ ಎಬ್ಬಿಸಿರುತ್ತಾರೆಂದು ತಜ್ಞರು ಹೇಳುತ್ತಾರೆ. ಅಂದರೆ ಅನಾಹುತದ ಬೀಜ ಬೆಟ್ಟದಲ್ಲಿದ್ದರೂ ಅದನ್ನು ಬಿತ್ತುವುದು ಮನುಷ್ಯನ ನಿರ್ಧಾರವೇ.

2003ರ ಫೆಬ್ರವರಿ 1ರಂದು ಅದೇ ರೋಜರ್ಸ್ ಕಣಿವೆದಾರಿಯ ಸಮೀಪದಲ್ಲಿ ಒಂದು ಶಾಲೆಯ ತಂಡವು ಸ್ಕೀಗಳ ಮೇಲೆ ಪಯಣ ಹೊರಟಿತ್ತು. ಅವರಲ್ಲಿದ್ದ ವಿದ್ಯಾರ್ಥಿಗಳು ಹದಿನಾಲ್ವರು. ನಿಮಗಿಂತ ಒಂದು ತರಗತಿ ಮುಂದಿನವರು. ಅವರು ಯಂತ್ರದಲ್ಲಿ ಹೋದವರಲ್ಲ, ಕಾಲ್ನಡೆಯ ಶ್ರಮದಿಂದ ಕಣಿವೆಯ ತಳದಲ್ಲಿ ಸಾಗುತ್ತಿದ್ದವರು. ಬಹು ಮೇಲಿನಿಂದ ಜಾರಿದ ಹಿಮವು ಇಡೀ ತಂಡವನ್ನು ಮುಚ್ಚಿತು. ಹತ್ತಿರದಲ್ಲಿದ್ದ ಇಬ್ಬರು ಅನುಭವಿ ಹಿಮಯಾತ್ರಿಗಳು ಕೂಗಿ ಎಚ್ಚರಿಸಿದರು. ಬಳಿಕ ಧಾವಿಸಿ ಬಂದು ತಮ್ಮ ಕೈಲಾದಷ್ಟು ಜನರನ್ನು ಅಗೆದು ತೆಗೆದರು. ಹಲವರು ಉಳಿದರು, 7 ಮಂದಿ ವಿದ್ಯಾರ್ಥಿಗಳು ಉಳಿಯಲಿಲ್ಲ. ಆ ಶೋಕದಿಂದ ಕೆನಡಾ ಪಾಠ ಕಲಿಯಿತು. ಜನಸಾಮಾನ್ಯರಿಗೆ ಹಿಮದ ಅಪಾಯವನ್ನು ಮುಂಚಿತವಾಗಿ ತಿಳಿಸುವ ರಾಷ್ಟ್ರೀಯ ಕೇಂದ್ರವೊಂದು 2004ರಲ್ಲಿ ಸ್ಥಾಪನೆಯಾಯಿತು. ಯಾವ ದಾರಿ ಸರಳ, ಯಾವುದು ಸವಾಲಿನದು, ಯಾವುದು ಅತಿಜಟಿಲ ಎಂದು ಬೆಟ್ಟದ ದಾರಿಗಳನ್ನು ವರ್ಗೀಕರಿಸಿದರು. ಇಂದು ಹಿಮಕುಸಿತದ ಅಪಾಯವನ್ನು ಅಲ್ಪ, ಸಾಧಾರಣ, ಗಣನೀಯ, ಅಧಿಕ, ಅತ್ಯಧಿಕ ಎಂದು ಐದು ಹಂತಗಳಲ್ಲಿ ಪ್ರಕಟಿಸುತ್ತಾರೆ.

ಮಾರ್ಗದರ್ಶಿಯ ಮಾತಿಗೆ ಇಷ್ಟು ಬೆಲೆ ಸುಮ್ಮನೆ ಬಂದುದಲ್ಲ. 1896ರಲ್ಲಿ ರಾಕಿ ಪರ್ವತದ ಲೆಫ್ರಾಯ್ ಶಿಖರವನ್ನೇರುವಾಗ ಫಿಲಿಪ್ ಆ್ಯಬಟ್ ಎಂಬ ಅಮೆರಿಕನ್ ಆರೋಹಿ ಬಿದ್ದು ಸತ್ತನು. ಇದಾದ ಮೇಲೆ ರೈಲು ಕಂಪನಿಯು 1899ರಲ್ಲಿ ಸ್ವಿಟ್ಜರ್ಲೆಂಡಿನಿಂದ ನುರಿತ ಮಾರ್ಗದರ್ಶಿಗಳನ್ನು ಕರೆಯಿಸಿ ಸೆಲ್ಕರ್ಕ್ ಬೆಟ್ಟಗಳಲ್ಲಿ ನೆಲೆಗೊಳಿಸಿತು. ಅವರಿಂದ ಬೆಳೆದುಬಂದ ಪರಂಪರೆಯನ್ನು 1963ರಲ್ಲಿ ಸ್ಥಾಪಿತವಾದ ಕೆನಡಾದ ಪರ್ವತ ಮಾರ್ಗದರ್ಶಿಗಳ ಸಂಘವು ಮುಂದುವರಿಸಿದೆ. ಹಲವು ವರ್ಷಗಳ ಶಿಕ್ಷಣ, ಕಠಿಣವಾದ ಪರೀಕ್ಷೆಗಳು, ಹಿರಿಯರ ಕೈಕೆಳಗಿನ ಅನುಭವ ಇವುಗಳನ್ನು ದಾಟಿಯೇ ಒಬ್ಬನು ಪೂರ್ಣ ಮಾರ್ಗದರ್ಶಿಯೆನಿಸುತ್ತಾನೆ.

ಈ ಕ್ರೀಡೆಯ ಬಗೆಗೆ ಆಕ್ಷೇಪಗಳಿಲ್ಲವೆಂದಲ್ಲ. ಇದು ಉಳ್ಳವರ ಆಟ. ಡೀಸೆಲ್ ಸುಡುವ ಯಂತ್ರವು ಕಾಡಿನ ಮೌನವನ್ನು ಕಲಕುತ್ತದೆ. ಈ ಬೆಟ್ಟಗಳಲ್ಲಿ ಕ್ಯಾರಿಬೂ ಎಂಬ ಜಿಂಕೆಯ ಜಾತಿಯ ಪ್ರಾಣಿ ಇದೆ. ಅಗಲವಾದ ಗೊರಸುಗಳಿಂದ ಅದು ಆಳವಾದ ಹಿಮದ ಮೇಲೆ ನಡೆಯುತ್ತ, ಹಳೆಯ ಮರಗಳಿಂದ ಜೋಲುವ ಕಲ್ಲುಹೂವನ್ನು ತಿಂದು ಚಳಿಗಾಲ ಕಳೆಯುತ್ತದೆ. ಸ್ನೋಕ್ಯಾಟಿನ ಪಟ್ಟಿಯೂ ಕ್ಯಾರಿಬೂವಿನ ಗೊರಸೂ ಒಂದೇ ನಿಯಮವನ್ನು ಅನುಸರಿಸಿವೆಯೆಂಬುದನ್ನು ನೀವು ಗಮನಿಸಿರಬಹುದು. ಆಳವಾದ ಹಿಮವೇ ಆ ಪ್ರಾಣಿಗೆ ಕೋಟೆ. ತೋಳಗಳು ಅಲ್ಲಿಗೆ ಸುಲಭವಾಗಿ ಬರಲಾರವು. ಆದರೆ ಯಂತ್ರಗಳು ತುಳಿದು ಗಟ್ಟಿಮಾಡಿದ ಜಾಡು ತೋಳಗಳಿಗೂ ದಾರಿಯಾಗಬಲ್ಲದು. ಹಳೆಯ ಕಾಡುಗಳ ಕಡಿತವೇ ಮುಖ್ಯ ಕಾರಣವಾಗಿ ಕ್ಯಾರಿಬೂವಿನ ಸಂಖ್ಯೆ ಕುಗ್ಗುತ್ತ ಬಂದು, ದಕ್ಷಿಣ ಸೆಲ್ಕರ್ಕ್ ಹಿಂಡಿನಲ್ಲಿ ಕೊನೆಗುಳಿದ ಒಂದು ಹೆಣ್ಣನ್ನು 2019ರ ಜನವರಿಯಲ್ಲಿ ಹಿಡಿದು ಬೇರೆಡೆಗೆ ಸಾಗಿಸಬೇಕಾಯಿತು. ಹಾಗಾಗಿ ಕೆಲವು ಪ್ರದೇಶಗಳಿಗೆ ಚಳಿಗಾಲದಲ್ಲಿ ಯಂತ್ರಗಳ ಪ್ರವೇಶವನ್ನು ನಿಷೇಧಿಸಲಾಗಿದೆ. ತನ್ನ ಸಂತೋಷಕ್ಕಾಗಿ ಕಾಡಿಗೆ ಹೋಗುವವನು ಅಲ್ಲಿ ತಾನು ಅತಿಥಿಯೆಂಬುದನ್ನು ಮರೆಯಬಾರದು.

ಹಿಮವಿಲ್ಲದ ನಾಡಿನ ನಮಗೆ ಇದೆಲ್ಲ ಏಕೆ ಎಂದು ಯಾರಾದರೂ ಕೇಳಬಹುದು. ಅವರು ಧಾರವಾಡ ಜಿಲ್ಲೆಯ ಬೆಟದೂರು ಗ್ರಾಮವನ್ನು ನೆನೆಯಲಿ. ಆ ಊರಿನ ವೀರಯೋಧ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಸಿಯಾಚಿನ್ ಹಿಮನದಿಯ ಮೇಲೆ, ಸುಮಾರು 19,600 ಅಡಿಗಳ ಎತ್ತರದ ಠಾಣೆಯಲ್ಲಿ ದೇಶದ ಗಡಿಯನ್ನು ಕಾಯುತ್ತಿದ್ದಾಗ, 2016ರ ಫೆಬ್ರವರಿ 3ರಂದು ಹಿಮಕುಸಿತವು ಹತ್ತು ಮಂದಿ ಯೋಧರ ಆ ಠಾಣೆಯನ್ನು ಹೂತುಹಾಕಿತು. ಯಾರೂ ಉಳಿದಿರಲಾರರೆಂದು ಎಲ್ಲರೂ ನಂಬಿದ್ದಾಗ, ಶೋಧಕರು ಛಲಬಿಡದೆ ಅಗೆದು, 25 ಅಡಿಗಳ ಆಳದ ಹಿಮದಡಿಯಿಂದ ಅವರನ್ನು ಆರನೆಯ ದಿನ ಜೀವಂತವಾಗಿ ಹೊರತೆಗೆದರು. ಇಡೀ ನಾಡು ಅವರ ಉಳಿವಿಗಾಗಿ ಪ್ರಾರ್ಥಿಸಿತು. ಆದರೆ ಫೆಬ್ರವರಿ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಕೆನಡಾದ ಅತಿಥಿಯು ಬೇಡವೆನಿಸಿದ ದಿನ ಬೆಟ್ಟದಿಂದ ಹಿಂದಿರುಗಬಲ್ಲನು. ಗಡಿ ಕಾಯುವ ಯೋಧನಿಗೆ ಆ ಆಯ್ಕೆಯಿಲ್ಲ. ನಮ್ಮ ದೇಶದಲ್ಲಿಯೂ 1969ರಲ್ಲಿ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತಗಳ ಅಧ್ಯಯನಕ್ಕಾಗಿ ಒಂದು ಸಂಸ್ಥೆ ಸ್ಥಾಪಿತವಾಯಿತು. 2020ರಿಂದ ಅದು ರಕ್ಷಣಾ ಇಲಾಖೆಯ ವಿಸ್ತೃತ ಸಂಶೋಧನಾ ಸಂಸ್ಥೆಯೊಂದರ ಭಾಗವಾಗಿ ಕೆಲಸ ಮಾಡುತ್ತಿದೆ. ಕ್ರೀಡೆಗಾಗಿ ಬೆಳೆದ ತಿಳಿವು ಯೋಧನನ್ನು ಕಾಯುತ್ತದೆ; ಯೋಧನಿಗಾಗಿ ಬೆಳೆದ ತಿಳಿವು ಪಯಣಿಗನನ್ನು ಕಾಯುತ್ತದೆ. ವಿದ್ಯೆಗೆ ಗಡಿಯಿಲ್ಲ.

ಪ್ರಕೃತಿಯನ್ನು ಗೆದ್ದೆನೆಂದು ಹೇಳಿಕೊಳ್ಳುವವನು ಹಿಮದ ಬೆಟ್ಟದಲ್ಲಿ ಬಹುಕಾಲ ಬಾಳಲಾರ. ಅದನ್ನು ನಿತ್ಯವೂ ವಿನಯದಿಂದ ಓದುವವನು, ತಿಳಿಯದಿದ್ದಾಗ ಹಿಂದಕ್ಕೆ ಹೆಜ್ಜೆಯಿಡಲು ನಾಚದವನು, ತನ್ನ ಸಂಗಡಿಗರನ್ನೆಲ್ಲ ಸಂಜೆಯ ಹೊತ್ತಿಗೆ ಮನೆ ಸೇರಿಸುತ್ತಾನೆ. ಮುನ್ನುಗ್ಗುವುದಕ್ಕೆ ಧೈರ್ಯ ಬೇಕು. ಹಿಂದಿರುಗುವುದಕ್ಕೆ ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಆ ಧೈರ್ಯಕ್ಕೆ ವಿವೇಕವೆಂದು ಇನ್ನೊಂದು ಹೆಸರು.

ಪದಗಳ ಅರ್ಥ

ಪರ್ವತಪಂಕ್ತಿ – ಬೆಟ್ಟಗಳ ಸಾಲು
ಹಿಮಪ್ರಸ್ಥಭೂಮಿ – ಹಿಮದಿಂದ ಕೂಡಿದ ಎತ್ತರದ ಸಮತಟ್ಟು ನೆಲ
ಹಿಮಕುಸಿತ – ಬೆಟ್ಟದ ಇಳಿಜಾರಿನಿಂದ ಹಿಮದ ರಾಶಿ ಕಳಚಿ ಉರುಳುವುದು
ಆವರ್ತಾಂಕ – ಒಂದು ಸೆಕೆಂಡಿನಲ್ಲಿ ಉಂಟಾಗುವ ಕಂಪನಗಳ ಸಂಖ್ಯೆ
ದುಸ್ಸಾಧ್ಯ – ಬಹಳ ಕಷ್ಟದಿಂದ ಸಾಧಿಸಬಹುದಾದುದು
ಕಲ್ಲುಹೂವು – ಮರ, ಬಂಡೆಗಳ ಮೇಲೆ ಬೆಳೆಯುವ ಒಂದು ಜೀವರೂಪ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಸೆಲ್ಕರ್ಕ್ ಬೆಟ್ಟಗಳಲ್ಲಿ ಬೀಳುವ ಹಿಮ ಹಗುರವಾಗಿರಲು ಕಾರಣವೇನು?
2. ಅಂಟಾರ್ಕ್ಟಿಕ ಖಂಡವನ್ನು ಸ್ನೋಕ್ಯಾಟ್‌ಗಳ ನೆರವಿನಿಂದ ದಾಟಿದ ತಂಡದ ನಾಯಕ ಯಾರು?
3. ತೆರೆದ ಇಳಿಜಾರಿನಲ್ಲಿ ಒಬ್ಬೊಬ್ಬರಾಗಿ ಇಳಿಯಬೇಕು, ಏಕೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸ್ನೋಕ್ಯಾಟ್ ಹಿಮದಲ್ಲಿ ಹೂತುಹೋಗದಿರಲು ಕಾರಣವನ್ನು ವಿವರಿಸಿರಿ.
2. ಮಾರ್ಗದರ್ಶಿಗಳು ಮುಂಜಾನೆ ತೆಗೆದುಕೊಳ್ಳುವ ನಿರ್ಧಾರದ ಕ್ರಮವನ್ನು ತಿಳಿಸಿರಿ.
3. ಹಿಮದ ಪದರಗಳನ್ನು ಮಾರ್ಗದರ್ಶಿಯು ಹೇಗೆ ಪರೀಕ್ಷಿಸುತ್ತಾನೆ?

ಇ. ಸಂದರ್ಭ ಸೂಚಿಸಿ ಸ್ವಾರಸ್ಯವನ್ನು ಬರೆಯಿರಿ.
1. 'ತಡೆದ ಅಪಘಾತವು ಯಾರ ಕಣ್ಣಿಗೂ ಬೀಳುವುದಿಲ್ಲ.'
2. 'ಹಿಂದಿರುಗುವುದಕ್ಕೆ ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕು.'

ಈ. ಚರ್ಚಿಸಿರಿ.
ನಿಮ್ಮ ಊರಿನ ಕೆರೆ, ಹೊಳೆ, ಕಾಡು ಅಥವಾ ಬೆಟ್ಟದ ಅಪಾಯಗಳನ್ನು ಮೊದಲೇ ಗುರುತಿಸಿ ಹೇಳಬಲ್ಲ ಹಿರಿಯರೊಬ್ಬರನ್ನು ಕಂಡು ಮಾತನಾಡಿಸಿರಿ. ಅವರು ಯಾವ ಕುರುಹುಗಳನ್ನು ನೋಡಿ ತಿಳಿಯುತ್ತಾರೆಂಬುದನ್ನು ಒಂದು ಪುಟದಲ್ಲಿ ಬರೆದು ತರಗತಿಯಲ್ಲಿ ಓದಿರಿ.